ಏಳು ತಿಂಗಳ ಮಗುವಿಗೆ ಗಟ್ಟಿ ಮಲ: ವೀಳ್ಯದೆಲೆ ತೊಟ್ಟು ಇಡಬಹುದೇ?

ಪ್ರಶ್ನೆ (ಒಬ್ಬ ತಾಯಿ, ಹಾಸನ): ಡಾಕ್ಟರಮ್ಮ, ನಮಸ್ಕಾರ. ಮಗಳಿಗೆ ಏಳು ತಿಂಗಳು. ಆರು ತುಂಬುವವರೆಗೆ ಎದೆಹಾಲು ಮಾತ್ರ ಕೊಟ್ಟೆ. ಈಗ ಎರಡು ಹೊತ್ತು ರಾಗಿ ಸರಿ, ಜೊತೆಗೆ ಬೇಯಿಸಿದ ಸೇಬು, ಬಾಳೆಹಣ್ಣು. ಹತ್ತು ದಿನಗಳಿಂದ ಮೂರು ದಿನಕ್ಕೊಮ್ಮೆ ಮಲ ಹೋಗುತ್ತಿದೆ, ಅದೂ ಆಡಿನ ಹಿಕ್ಕೆಯ ಹಾಗೆ. ನಿನ್ನೆ ಮಲದ ಮೇಲೆ ರಕ್ತದ ಗೆರೆ ಕಂಡಿತು. ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಗುದದೊಳಗೆ ಇಡೋಣ ಎನ್ನುತ್ತಾರೆ ನಮ್ಮ ಅತ್ತೆ. ಇಡಬಹುದೇ?

ಉತ್ತರ: ಬೇಡ. ತೊಟ್ಟು ಇಟ್ಟರೆ ಮಲ ಹೋಗುತ್ತದೆ, ನಿಮ್ಮ ಅತ್ತೆ ಸುಳ್ಳು ಹೇಳುತ್ತಿಲ್ಲ. ಗುದದ್ವಾರವನ್ನು ಕೆಣಕಿದರೆ ಯಾವ ಮಗುವಾದರೂ ತಿಣುಕುತ್ತದೆ. ಆದರೆ ನೀವು ಕಂಡ ರಕ್ತ ಬಹುಶಃ ಗಟ್ಟಿ ಮಲ ಅಲ್ಲಿನ ಚರ್ಮವನ್ನು ಸೀಳಿದ್ದರಿಂದ ಬಂದದ್ದು. ಸೀಳಿದ ಜಾಗಕ್ಕೇ ಕಡ್ಡಿ ತೂರಿಸಿದರೆ ಮಗು ನೋವಿಗೆ ಹೆದರಿ ಮಲ ತಡೆಹಿಡಿಯಲು ಕಲಿಯುತ್ತದೆ. ಮಲ ಒಳಗೆ ಕುಳಿತಷ್ಟೂ ದೊಡ್ಡ ಕರುಳು ಅದರ ನೀರನ್ನು ಹೀರುತ್ತದೆ, ಮುಂದಿನ ಸಲ ಇನ್ನೂ ಗಟ್ಟಿ. ಸೋಪಿನ ಚೂರು ಇಡುವವರಿಗೂ ಇದೇ ಮಾತು.

ಕಾರಣ ಮಗುವಿನ ಬಟ್ಟಲಿನಲ್ಲೇ ಇದೆ. ರಾಗಿಯಲ್ಲಿ ನಾರಿದೆಯಲ್ಲ ಎಂದು ಎಲ್ಲರೂ ಕೇಳುತ್ತಾರೆ. ನಾರು ಇದ್ದದ್ದು ಹೊಟ್ಟಿನಲ್ಲಿ. ಹಿಟ್ಟು ನಯವಾಗಲೆಂದು ಬಟ್ಟೆಯಲ್ಲಿ ಜಾಲಿಸಿ ಅದನ್ನು ನಾವೇ ಎಸೆದಿರುತ್ತೇವೆ. ಸರಿಯನ್ನು (ಕರಾವಳಿಯವರು ಮಣ್ಣಿ ಎನ್ನಿ) ಗಟ್ಟಿಯಾಗಿ ಕಾಯಿಸಿ ಹೊಟ್ಟೆ ತುಂಬಿಸಿದರೆ ಮಗು ಎದೆಹಾಲನ್ನೂ ಕಡಿಮೆ ಮಾಡುತ್ತದೆ. ಒಂದು ಹೊತ್ತು ಮಾತ್ರ, ಚಮಚದಿಂದ ಸುಲಭವಾಗಿ ಜಾರುವಷ್ಟು ಸಡಿಲವಾಗಿ ಕೊಡಿ. ಇನ್ನೊಂದು ಹೊತ್ತಿಗೆ ಹೆಸರುಬೇಳೆ, ಕುಂಬಳಕಾಯಿ ಅಥವಾ ಸೊಪ್ಪು ಬೇಯಿಸಿ ಮಸೆದು, ಅರ್ಧ ಚಮಚ ತುಪ್ಪ ಹಾಕಿ. ಸೇಬು, ಬಾಳೆ ಕೆಲವು ದಿನ ಬದಿಗಿರಲಿ. ಪಪ್ಪಾಯಿ, ಪೇರ್ ಹಣ್ಣು ಕೊಡಿ. ಎಂಟು–ಹತ್ತು ಒಣದ್ರಾಕ್ಷಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿದ ನೀರು ಎರಡು–ಮೂರು ಚಮಚ ಕುಡಿಸಿ. ದ್ರಾಕ್ಷಿಯನ್ನು ಇಡಿಯಾಗಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಊಟದ ಜೊತೆ ಕಾಯಿಸಿ ಆರಿಸಿದ ನೀರು ನಾಲ್ಕಾರು ಗುಟುಕು ಸಾಕು.

ಅತ್ತೆಯವರ ಕೈಗೆ ಬೇರೆ ಕೆಲಸ ಕೊಡೋಣ: ಕೊಬ್ಬರಿ ಎಣ್ಣೆ ಸವರಿ ಹೊಕ್ಕುಳ ಸುತ್ತ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮೆಲ್ಲಗೆ ಉಜ್ಜಲಿ, ಕಾಲುಗಳನ್ನು ಸೈಕಲ್ ತುಳಿಯುವಂತೆ ಆಡಿಸಲಿ. ರಕ್ತ ಕಂಡಿರುವುದರಿಂದ ಮಗುವನ್ನು ಒಮ್ಮೆ ನಿಮ್ಮ ಮಕ್ಕಳ ವೈದ್ಯರಿಗೆ ತೋರಿಸಿ. ಅಗತ್ಯವಿದ್ದರೆ ತೂಕ ನೋಡಿ ಲ್ಯಾಕ್ಟುಲೋಸ್ ಎಂಬ ಮಲ ಸಡಿಲಿಸುವ ಔಷಧಿ ಬರೆಯುತ್ತಾರೆ. ನೀವೇ ಅಂಗಡಿಯಿಂದ ತರಬೇಡಿ.

ಪ್ರಶ್ನೆ (ಇನ್ನೊಬ್ಬ ತಾಯಿ, ಉಡುಪಿ): ನನ್ನ ಮಗನಿಗೆ ಎರಡು ತಿಂಗಳು, ಎದೆಹಾಲು ಮಾತ್ರ. ಐದು ದಿನಗಳಿಂದ ಮಲವೇ ಹೋಗಿರಲಿಲ್ಲ. ಇವತ್ತು ಮುಖ ಕೆಂಪಾಗಿಸಿ, ಹತ್ತು ನಿಮಿಷ ಅತ್ತು, ಕೊನೆಗೆ ಮೆತ್ತಗೆ ಹೋಯಿತು. ಜೇನು ನೆಕ್ಕಿಸಲು ಹೇಳುತ್ತಿದ್ದಾರೆ.

ಉತ್ತರ: ಮೆತ್ತಗೆ ಹೋಯಿತು ಎಂದಿರಲ್ಲ, ಹಾಗಾದರೆ ಅದು ಮಲಬದ್ಧತೆಯೇ ಅಲ್ಲ. ದಿನ ಎಣಿಸಬೇಡಿ, ಮಲ ನೋಡಿ. ಆರು ವಾರ ದಾಟಿದ ಮೇಲೆ ಎದೆಹಾಲಿನ ಮಗು ವಾರಕ್ಕೊಮ್ಮೆ ಹೋದರೂ ನಡೆಯುತ್ತದೆ. ಹಾಲು ಕುಡಿಯುತ್ತಿರಬೇಕು, ತೂಕ ಏರುತ್ತಿರಬೇಕು, ಹೊಟ್ಟೆ ಮೆತ್ತಗಿರಬೇಕು. ಹೊಟ್ಟೆಯಿಂದ ಒತ್ತುವಾಗ ಕೆಳಗಿನ ಸ್ನಾಯು ಸಡಿಲಿಸುವುದು ಈ ವಯಸ್ಸಿಗೆ ಇನ್ನೂ ತಿಳಿದಿರುವುದಿಲ್ಲ, ಅದಕ್ಕೇ ಅಳು. ತಾನಾಗಿ ಕಲಿಯುತ್ತಾನೆ. ನೀರೂ ಬೇಡ, ಗ್ರೈಪ್ ವಾಟರ್ ಕೂಡ ಬೇಡ. ಜೇನನ್ನಂತೂ ಒಂದು ವರ್ಷ ತುಂಬುವವರೆಗೆ ಮುಟ್ಟಿಸಲೇಬೇಡಿ. ಅದರಲ್ಲಿ ಇರಬಹುದಾದ ಬೊಟುಲಿಸಂ ಬೀಜಾಣು ಕೂಸಿನ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತದೆ. ವಿಪರ್ಯಾಸ ನೋಡಿ, ಆ ಕಾಯಿಲೆಯ ಮೊದಲ ಲಕ್ಷಣಗಳಲ್ಲಿ ಒಂದು ಮಲಬದ್ಧತೆಯೇ.

ನಿಮಗೆ ನನ್ನದೊಂದು ಪ್ರಶ್ನೆ: ಹುಟ್ಟಿದಾಗ ಮೊದಲ ಕಪ್ಪು ಮಲ ಯಾವಾಗ ಹೋಯಿತು?

ಅದೇ ತಾಯಿ: ಅದೇ ದಿನ ರಾತ್ರಿ. ಏಕೆ ಕೇಳಿದಿರಿ?

ಉತ್ತರ: ಒಳ್ಳೆಯದಾಯಿತು. ದಿನ ತುಂಬಿ ಹುಟ್ಟಿದ ಹೆಚ್ಚಿನ ಮಕ್ಕಳಿಗೆ 24 ಗಂಟೆಯೊಳಗೆ ಹೋಗುತ್ತದೆ. 48 ಗಂಟೆ ದಾಟಿದರೆ ನಮಗೆ ಹಿರ್ಷ್‌ಸ್ಪ್ರುಂಗ್ ಕಾಯಿಲೆಯ ಅನುಮಾನ. 1886ರಲ್ಲಿ ಡೆನ್ಮಾರ್ಕಿನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರುಂಗ್ ಇದನ್ನು ವಿವರಿಸಿದರು. ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇರುವುದಿಲ್ಲ, ಆ ತುಂಡು ಸಡಿಲವಾಗುವುದಿಲ್ಲ, ಮಲ ಅದರ ಹಿಂದೆ ನಿಂತುಬಿಡುತ್ತದೆ. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕು, ದ್ರಾಕ್ಷಿ ನೀರಲ್ಲ. ಇದನ್ನು ಓದುತ್ತಿರುವ ಇತರರೂ ಗಮನಿಸಿ: ಹಸಿರು ವಾಂತಿ, ಉಬ್ಬಿ ಬಿಗಿದ ಹೊಟ್ಟೆ, ಜ್ವರ, ಹಾಲು ಬಿಡುವುದು, ತೂಕ ಏರದಿರುವುದು, ಕಾಲುಗಳಲ್ಲಿ ಬಲವಿಲ್ಲದಿರುವುದು. ಇವುಗಳಲ್ಲಿ ಒಂದಿದ್ದರೂ ಇಲ್ಲಿ ಬರೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಪ್ರಶ್ನೆ (ಒಬ್ಬ ತಂದೆ, ಬೆಂಗಳೂರು): ನಮ್ಮದು ನಾಲ್ಕು ತಿಂಗಳ ಮಗು, ಡಬ್ಬಿ ಹಾಲು. ಮಗು ದಪ್ಪವಾಗಲಿ ಎಂದು ಒಂದು ಅಳತೆ ಪುಡಿ ಹೆಚ್ಚಾಗಿ ಹಾಕುತ್ತಿದ್ದೇವೆ. ಮಲ ಗಟ್ಟಿ.

ಉತ್ತರ: ಆ ಒಂದು ಅಳತೆಯನ್ನು ಇವತ್ತೇ ನಿಲ್ಲಿಸಿ. ಡಬ್ಬಿಯ ಮೇಲೆ ಬರೆದಷ್ಟು ನೀರನ್ನು ಮೊದಲು ಅಳೆದು, ಆಮೇಲೆ ಪುಡಿಯನ್ನು ಮಟ್ಟಸವಾಗಿ ತುಂಬಿ ಹಾಕಿ. ತೆಳ್ಳಗೆ ಮಾಡುವುದೂ ತಪ್ಪು.

ಪ್ರಶ್ನೆ (ಒಬ್ಬ ಅಜ್ಜಿ, ತುಮಕೂರು): ನಾಲ್ಕು ಮಕ್ಕಳಿಗೂ ತಿಂಗಳಿಗೊಮ್ಮೆ ಹರಳೆಣ್ಣೆ ಕುಡಿಸಿ ಬೆಳೆಸಿದವಳು ನಾನು. ಯಾರಿಗೂ ಏನೂ ಆಗಲಿಲ್ಲವಲ್ಲ?

ಉತ್ತರ: ಅಮ್ಮಾ, ನಿಮ್ಮ ಮಕ್ಕಳು ಗಟ್ಟಿಗರು. ಹರಳೆಣ್ಣೆ ಕರುಳನ್ನು ಕೆರಳಿಸಿ ಭೇದಿ ಮಾಡಿಸುತ್ತದೆ. ಎಳೆಗೂಸಿನ ಮೈಯಲ್ಲಿ ನೀರು ಬತ್ತಲು ಹೆಚ್ಚು ಹೊತ್ತು ಬೇಕಿಲ್ಲ. ಕುಡಿಸುವಾಗ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆದ ಮಕ್ಕಳನ್ನು ವಾರ್ಡಿನಲ್ಲಿ ನೋಡಿದ್ದೇನೆ. ನೆತ್ತಿಗೆ ಹಚ್ಚಿ, ನನ್ನ ತಕರಾರಿಲ್ಲ.

ಹಾಸನದ ತಾಯಿ (ಆರು ದಿನದ ನಂತರ): ವೈದ್ಯರಿಗೆ ತೋರಿಸಿದೆವು, ಚರ್ಮ ಸೀಳಿದ್ದೇ ಹೌದು ಎಂದರು. ನಿನ್ನೆಯಿಂದ ಮೆತ್ತಗೆ ಹೋಗುತ್ತಿದೆ. ಬಾಳೆಹಣ್ಣು ಮತ್ತೆ ಶುರು ಮಾಡಲೇ?

ಉತ್ತರ: ಇನ್ನೊಂದು ವಾರ ತಡೆಯಿರಿ, ಆಮೇಲೆ ಚೆನ್ನಾಗಿ ಕಳಿತ ಹಣ್ಣನ್ನು ಎರಡು ಚಮಚ ಕೊಟ್ಟು ನೋಡಿ. ಮತ್ತೆ ರಕ್ತ ಕಂಡರೆ ಡೈಪರಿನ ಚಿತ್ರ ನನಗೆ ಕಳಿಸಬೇಡಿ, ಮಗುವನ್ನೇ ಅವರ ಬಳಿ ಕರೆದೊಯ್ಯಿರಿ.