60×80 ಇಂಚಿನ ಕ್ವಿಲ್ಟ್: ಒಳಗ ಬ್ಯಾಟಿಂಗ್ ಹಾಕೂದೋ, ಕೌದಿಹಂಗ ಸೀರಿ ಪದರೋ? ಮಾಡಿದವರು ಹೇಳ್ರಿ

ವಿದ್ಯಾಗಿರಿ ಹೊಸ ಸೂಜಿ:
ಎಲ್ಲಾರಿಗೂ ನಮಸ್ಕಾರ್ರಿ. ಹೊಸ ನಮೂನಿ ಕ್ವಿಲ್ಟ್ ಮಾಡೂದದ. ಬಿಳಿ ಪ್ಲೇನ್ ಕೇಂಬ್ರಿಕ್ ಹತ್ತಿ ಅರಿವಿ ಬಹಳ, ನಡುನಡುವ ಇಳಕಲ್ ಸೀರಿ ಕೆಂಪು ಸೆರಗಿನ ಪಟ್ಟಿ ಸ್ವಲ್ಪ. ಮನ್ಯಾಗ ಕಾಲಿಲೆ ತುಳಿಯೋ ಕರೀ ಮಷಿನ್ ಅದ, ಅಷ್ಟ. ಒಳಗ ಬ್ಯಾಟಿಂಗ್ (ಮ್ಯಾಲಿನ ಕೆಳಗಿನ ಅರಿವಿ ನಡುವ ತುಂಬೂ ಮೆತ್ತನ ಪದರ) ಹಾಕ್ಲೋ, ಹಳೇ ಸೀರಿ ಹಾಕ್ಲೋ? ಇನ್ನೊಂದು, ಇಲ್ಲಿ ತಿಂಗಳಿಗೊಮ್ಮೆ ಕೂಡೋ ಕ್ವಿಲ್ಟ್ ಗುಂಪಿನವರು ತಿಂಗಳಿಗೆ 200 ರೂಪಾಯಿ ಕೇಳ್ಯಾರ. ಸೇರಿದ್ರ ಉಪಯೋಗ ಅದೇನು?

ಮಾಳಮಡ್ಡಿ ದಬ್ಬಣ:
ಬ್ಯಾಟಿಂಗ್ ಹಾಕ್ರಿ. ಆದ್ರ ಗಾದಿ ಮಾಡವರ ಕಡೆ ಹಿಂಜಿಸಿದ ಹತ್ತಿ ತಂದು ಹರವಬ್ಯಾಡ್ರಿ. ಅದು ಬಿಡಿ ಎಳಿ, ಒಂದನ್ನೊಂದು ಹಿಡಕೊಂಡಿರೂದಿಲ್ಲ. ಮೂರು ಇಂಚಿಗೊಂದು ಹೊಲಿಗಿ ಹಾಕಿದ್ರೂ ಎರಡನೇ ಸಲ ಒಗದಾಗ ಉಂಡಿ ಕಟ್ಟಿತು, ನಡುವ ಬರೇ ಎರಡು ಅರಿವಿ ಉಳದವು. 1.2 ಕೆಜಿ ಹತ್ತಿ, ಹಿಂಜಿಸಿದ ಕೂಲಿ ಕೂಡಿ 420 ರೂಪಾಯಿ, ಎಲ್ಲಾ ಉಚ್ಚಿ ತಗೀಬೇಕಾತು.

ಬೇಕಾದ್ದು ಸೂಜಿಲೆ ಚುಚ್ಚಿ ಹಾಳಿ ಮಾಡಿದ ಹತ್ತಿ ಬ್ಯಾಟಿಂಗ್. 90 ಇಂಚು ಅಗಲದ್ದು ಸಿಕ್ರ 60×80ಕ್ಕ 1.75 ಮೀಟರ್ ಸಾಕು, ಸುತ್ತಲೂ 4 ಇಂಚು ಹೆಚ್ಚಿಗಿ ಬರ್ತದ. ಮೀಟರಿಗೆ 640ರಂಗ 1120 ಆತು. ಮ್ಯಾಲೆ ತರಿಸಿದ ಖರ್ಚು 140. ಹೊಲಿಗಿ ಎಷ್ಟು ಅಂತರಕ್ಕ ಇರಬೇಕಂತ ಪ್ಯಾಕೆಟ್ ಮ್ಯಾಲೆ ಬರದಿರ್ತಾರ, ಅದನ್ನ ದಾಟಬ್ಯಾಡ್ರಿ. ಹಾಳಿಗೆ ಹಿಂದ ಜಾಳಿಗಿಯಂಥಾ ತೆಳು ಬಲಿ ಇದ್ರ 8 ಇಂಚಿನ ಅಂತರನೂ ತಡೀತದ, ಬಲಿ ಇಲ್ಲಾಂದ್ರ 3-4 ಇಂಚು. ಹತ್ತಿ ಹಾಳಿ ಮೊದಲ ಒಗತಕ್ಕ ನೂರಕ್ಕ 3ರಿಂದ 5 ಮುದುಡ್ತದ, ಅಂದ್ರ 80 ಇಂಚಿನಾಗ ಎರಡೂವರಿಯಿಂದ ನಾಕು ಇಂಚು ಹೋತು. ಈ ಲೆಕ್ಕ ಮೊದಲ ಹಿಡೀಲಿಲ್ಲಂದ್ರ ಹಾಸಗಿ ತುದಿ ಮುಟ್ಟೂದಿಲ್ಲ.

ಪಾಲಿಯೆಸ್ಟರ್ ಹಾಳಿ ಹಗುರ, ಸೋವಿ. ಆದ್ರ ಸೂಜಿ ತೂತಿನಾಗಿಂದ ಎಳಿ ಹೊರಗ ಬರ್ತಾವ. ಕರೀ ಅರಿವಿ ಮ್ಯಾಲೆ ಬಿಳೇ ಜೂಲು ಕಾಣ್ತದ, ಕಿತ್ತಷ್ಟೂ ಬರ್ತದ.

ಬೆಟಗೇರಿ ಅಂಚು:
ಉಂಡಿ ಕಟ್ಟಿತು, ಜೂಲು ಬಂತು, ಮುದುಡಿತು. ಈ ಮೂರೂ ಕೌದಿಯೊಳಗ ಇಲ್ಲ ನೋಡ್ರಿ. ಹತ್ತು ವರ್ಷ ಒಗದ ಹತ್ತಿ ಸೀರಿ ಇನ್ನೆಷ್ಟು ಮುದುಡೀತು? ಮುದುಡೂದು ಎಂದೋ ಮುಗದಿರ್ತದ.

ಲೆಕ್ಕ ಬೇಕಾದ್ರ ತಗೋರಿ. ಸೀರಿ ಅಗಲ 46 ಇಂಚು. 88 ಇಂಚಿನ ಎರಡು ತುಂಡು ಕತ್ತರಿಸಿ ಉದ್ದಕ್ಕ ಜೋಡಿಸಿದ್ರ 92×88 ಆತು, ಅಂದ್ರ ಒಂದು ಪದರಕ್ಕ ಒಂದು ಸೀರಿ, ಅಗಲದಾಗ ಉಳದದ್ದು ತ್ಯಾಪಿಗೆ. ಒಳಗ ಎರಡು ಪದರ ಸಾಕು. ಜೋಡಣಿ ಗೆರಿ ಒಂದರ ಮ್ಯಾಲೊಂದು ಬೀಳಬಾರದು, 4 ಇಂಚರ ಸರಿಸ್ರಿ, ಇಲ್ಲಾಂದ್ರ ಅಲ್ಲಿ ಹಗ್ಗದಂಗ ಉಬ್ಬು ಬಂದು ಬೆನ್ನಿಗೆ ಒತ್ತತದ. ಪಾಲಿಯೆಸ್ಟರ್ ಸೀರಿ ಬೆರಸಬ್ಯಾಡ್ರಿ. ಹತ್ತಿ ಒಂದು ರೀತಿ ಎಳೀತದ, ಅದು ಜಾರ್ತದ, ಕಡೀಕ ಮ್ಯಾಲಿನ ಪದರ ಸುಕ್ಕು.

ಅರ್ಧ ಇಂಚಿಗೊಂದು ಸಾಲು ಕೈಹೊಲಿಗಿ ಹಾಕಿದ್ರ 60 ಇಂಚಿಗೆ 120 ಸಾಲು, ಒಂದೊಂದು 80 ಇಂಚು. ಮೇಲೆ ಕೆಳಗ ಹೋಗಿ ಬರೂ ಅಳತಿ ಕೂಡಿ 300 ಮೀಟರ್ ಹತ್ತಿರ ದಾರ ಬೇಕು. ಒಂದು ಸಲಕ್ಕ ಒಂದು ಮೀಟರ್ ಮೀರಿ ಪೋಣಸಬ್ಯಾಡ್ರಿ, ಎಳದೆಳದು ಕಡೇ ಭಾಗ ಸವದು ಹರೀತದ. ಸೀರಿಗೆ ರೊಕ್ಕ ಇಲ್ಲ, ದಾರಕ್ಕ 160. ಇನ್ನೂ 1260 ರೂಪಾಯಿ ಬ್ಯಾಟಿಂಗಿಗೆ ಸುರೀರಿ ಅಂತ ಹೇಳೂದು ಯಾಕ?

ಹೊಸ ನಮೂನಿ ಹೊಸ ನಮೂನಿ ಅಂತೀರಿ. ಆ ನಮೂನಿಯವರು ತಲಿಮ್ಯಾಲೆ ಹೊತ್ತು ತಿರುಗೂ ಜೀಸ್ ಬೆಂಡ್ ಕ್ವಿಲ್ಟ್ ಏನು? ಅಲಬಾಮಾದ ಹಳ್ಳಿ ಹೆಣ್ಣುಮಕ್ಕಳು ಹರಕ ಪ್ಯಾಂಟು, ಅಂಗಿ ಕತ್ತರಿಸಿ ಹೊಲದದ್ದು. 2002ರಾಗ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಾಗ ಅದನ್ನ ಗ್ವಾಡಿಗೆ ಹಾಕಿದ್ರು. ನಮ್ಮ ಕೌದಿ ಮಾತ್ರ ಟ್ರಂಕಿನಾಗ ಇರಬೇಕೇನು?

ಮಾಳಮಡ್ಡಿ ದಬ್ಬಣ:
ಅಕ್ಕಾರ, ಕೌದಿ ಕೀಳಂತ ಯಾರೂ ಅಂದಿಲ್ಲ. ಆಷಾಢದಾಗ ನಾಕು ಪದರದ ಕೌದಿ ಒಗದು ಒಣಗಸ್ರಿ, ಮೂರು ದಿನಕ್ಕೂ ನಡುವ ತೇವ, ಆಮ್ಯಾಲೆ ಮುಗ್ಗ ವಾಸನಿ. ಮತ್ತ ಕರೀ ಮಷಿನ್ನಿನಾಗ ನಾಕು ಪದರ ಸೀರಿ ಹೊಲದು ನೋಡ್ರಿ. ಕೆಳಗಿನ ಪದರಾನ ಮಷಿನ್ ತಟ್ಟಿ ಹಲ್ಲು ಎಳೀತದ, ಮ್ಯಾಲಿಂದು ಅರಿವಿ ಒತ್ತಿ ಹಿಡಿಯೋ ಪಾದಕ್ಕ ತಡದು ಹಿಂದ ಉಳೀತದ. 80 ಇಂಚು ಮುಗಿಯೂದರಾಗ ಮ್ಯಾಲೆ ಎರಡು ಇಂಚು ಹೆಚ್ಚಿಗಿ ಉಳದು ಮಡಿಕಿ ಬೀಳ್ತದ. ಇವರು ಕೇಳಿದ್ದು ಮಷಿನ್ ಕೆಲಸ.

ಹಳೇ ಹುಬ್ಬಳ್ಳಿ ಟೇಲರ್:
ಅದಕ್ಕ ವಾಕಿಂಗ್ ಫೂಟ್ ಹಾಕ್ರಿ, ಅಂದ್ರ ಮ್ಯಾಲಿನ ಪದರಾನೂ ಕೆಳಗಿಂದರ ಜೋಡಿ ಸರಿಸೂ ಪಾದ. ಕರೀ ಮಷಿನ್ನಿಗೆ ಲೋ ಶ್ಯಾಂಕ್ ಅಂತ ಕೇಳಿ ತಗೋರಿ, 650 ಕೊಟ್ಟದ್ದು. ಅದರ ಕವಲಿನಂಥಾ ತೋಳು ಸೂಜಿ ಬಿಗಿಯೋ ಸ್ಕ್ರೂ ಮ್ಯಾಲೆ ಕೂಡಬೇಕು. ಸ್ಕ್ರೂ ಕೆಳಗ ಹೋದ್ರ ಮೊದಲ ಟಾಕಾಕ್ಕ ಸೂಜಿ ಮುರೀತದ. ಮೊದಲ ಗಾಲಿ ಕೈಲೆ ಎರಡು ಸುತ್ತು ತಿರುಗಿಸಿ ನೋಡಿ ಆಮ್ಯಾಲೆ ತುಳೀರಿ. ಪಾದದ ಒತ್ತು ಎರಡು ಸುತ್ತು ಸಡಿಲ್ ಮಾಡ್ರಿ. ಸೂಜಿ 14 ನಂಬರ್. ತುಂಡು ಜೋಡಸೂದಕ್ಕ ಇಂಚಿಗೆ 10ರಿಂದ 12 ಟಾಕಾ, ಮೂರೂ ಪದರ ಕೂಡಿ ಹೊಲಿಯೂ ಮುಂದ 8 ಟಾಕಾ. ಸಣ್ಣ ಟಾಕಾ ಹಾಕಿದ್ರ ಉಚ್ಚೂ ಮುಂದ ಅರಿವಿ ಹರೀತದ.

ನಡುವಿನಿಂದ ಶುರು ಮಾಡಿ ಅಂಚಿಗೆ ಹೋಗ್ರಿ. ಅಂಚಿನಿಂದ ಶುರು ಮಾಡಿದ್ರ ಗಾಳಿ ಗುಳ್ಳಿ ನಡುವ ಸಿಕ್ಕು ಬೀಳ್ತದ.

ಬೆಟಗೇರಿ ಅಂಚು:
ಅಂಚಿನಿಂದ ಶುರು ಮಾಡೂದು ತಪ್ಪು ಅಂತೀರಿ? ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಹೆಣ್ಣುಮಕ್ಕಳ ಕೌದಿ ನೋಡೀರೇನು? ಅಂಚಿನಿಂದ ಒಳಗ ಸುತ್ತುತ್ತ ಬರ್ತಾರ, ಕಡೇ ತ್ಯಾಪಿ ನಡುವ ಬೀಳ್ತದ. ಮೂಲಿಗೆ ಮಡಚಿದ ಚೌಕ ಇಟ್ಟು ಫುಲ (ಹೂವು) ಮಾಡ್ತಾರ. ಎಲ್ಲೂ ಗುಳ್ಳಿ ಇಲ್ಲ.

ಹಳೇ ಹುಬ್ಬಳ್ಳಿ ಟೇಲರ್:
ನೋಡೇನ್ರಿ. ಅವರು ಮ್ಯಾಲಿನ ಪದರ ಮೊದಲ ಜೋಡಿಸಿ ಇಟ್ಟಿರೂದಿಲ್ಲ. ತ್ಯಾಪಿ ಒಂದೊಂದ ಇಡ್ತಾರ, ಅಂಚು ಒಳಗ ಮಡಚ್ತಾರ, ಅಲ್ಲೇ ಹೊಲೀತಾರ. ಹೆಚ್ಚಿಗಿ ಅರಿವಿ ಮುಂದಿನ ತ್ಯಾಪಿ ಕೆಳಗ ಹೋಗ್ತದ, ಅದಕ್ಕ ಗುಳ್ಳಿ ಇಲ್ಲ. ಇವರದ್ದು ಪೂರಾ ಜೋಡಿಸಿದ ಮ್ಯಾಲ್ಪದರ, ಹೆಚ್ಚಿಗಿ ಅರಿವಿಗೆ ಹೋಗಾಕ ಜಾಗಾ ಇಲ್ಲ. ಎರಡೂ ಬ್ಯಾರೆ ಕೆಲಸ.

ರಾಣೆಬೆನ್ನೂರ ಕಾಲಿಂಚು:
ಬ್ಯಾಟಿಂಗ್ ಜಗಳ ಆಮೇಲೆ. ಹೊಸಬರ ಕ್ವಿಲ್ಟ್ ಕೆಡುವುದು ಸೀಮಿನಲ್ಲಿ, ಅಂದರೆ ತುಂಡು ಜೋಡಿಸುವ ಹೊಲಿಗೆಗೆ ಅಂಚಿನಿಂದ ಬಿಡುವ ಅಂತರದಲ್ಲಿ. ಕಾಲಿಂಚು ಅಂದರೆ ಕಾಲಿಂಚೇ, ಪಾದದ ಅಂಚನ್ನು ನಂಬಬೇಡಿ. ಒಂದೂವರೆ ಇಂಚಿನ ಮೂರು ಪಟ್ಟಿ ಜೋಡಿಸಿ, ಇಸ್ತ್ರಿ ಒತ್ತಿ, ನಡುವಿನ ಪಟ್ಟಿ ಅಳೆಯಿರಿ. ಸರಿಯಾಗಿ ಒಂದು ಇಂಚು ಬರಬೇಕು. ಕಡಿಮೆ ಬಂದರೆ ಸೀಮು ಹೆಚ್ಚು ಅಗಲ. ಹಳೆಯ ಎಟಿಎಂ ಕಾರ್ಡನ್ನು ಸೂಜಿಯಿಂದ ಕಾಲಿಂಚು ಅಳೆದು ತಟ್ಟೆಯ ಮೇಲೆ ಟೇಪಿನಿಂದ ಅಂಟಿಸಿ, ಅರಿವೆಯ ಅಂಚು ಅದಕ್ಕೆ ತಾಗಿಸಿಕೊಂಡೇ ಹೊಲಿಯಿರಿ.

ಒಂದು ಗೆರೆಯಷ್ಟು ತಪ್ಪಿದರೆ ಏನಾಗುತ್ತದೆ ಎಂಬವರಿಗೆ: ಮೂರೂವರೆ ಇಂಚಿನ 16 ಚೌಕ ಜೋಡಿಸಿದ ಬ್ಲಾಕಿನಲ್ಲಿ (ಇಂಥ ಬ್ಲಾಕುಗಳನ್ನು ಕೂಡಿಸಿದರೆ ಕ್ವಿಲ್ಟಿನ ಮೇಲ್ಪದರ) ಒಂದು ಸಾಲಿಗೆ ಮೂರು ಸೀಮು. ಪ್ರತಿ ಅಂಚಿನಲ್ಲೂ 1/16 ಇಂಚು ಹೆಚ್ಚು ಹೋದರೆ ಒಂದು ಸೀಮಿಗೆ 1/8, ಬ್ಲಾಕಿಗೆ 3/8. ಹನ್ನೆರಡೂವರೆ ಬರಬೇಕಾದ ಬ್ಲಾಕು 12 1/8ಕ್ಕೆ ನಿಂತಿತು. ಅಂಥ ಐದು ಬ್ಲಾಕು ಜೋಡಿಸುವ ನಾಲ್ಕು ಸೀಮೂ ಸೇರಿದರೆ ಒಟ್ಟು 2 3/8 ಇಂಚು ಮಾಯ. ಇಸ್ತ್ರಿಯನ್ನು ಎತ್ತಿ ಎತ್ತಿ ಒತ್ತಬೇಕು. ಎಳೆದರೆ ಓರೆ ಕತ್ತರಿಸಿದ ಅಂಚು ಹಿಗ್ಗುತ್ತದೆ.

ಕೇಶ್ವಾಪುರ ತ್ಯಾಪಿ:
ಈ ಅಳತಿ ಮಾತು ಗುಂಪಿನಾಗ ಯಾರಿಗೆ ಹೇಳೂದ್ರಿ? ಬ್ಲಾಕ್ ಅದಲ್ ಬದಲ್ ಅಂತ 12 ಬ್ಲಾಕ್ ಮಾಡಿ ಕೊಟ್ಟದ್ದು, ಒಂದೊಂದೂ ಹನ್ನೆರಡೂವರಿ, ಚದರ ಮೀಟರಿಗೆ 100 ಗ್ರಾಂ ತೂಗೂ ಕೇಂಬ್ರಿಕ್, ಒಗದು ಇಸ್ತ್ರಿ ಮಾಡಿದ್ದು. ತಿರುಗಿ ಬಂದದ್ದು? 11 3/4ರಿಂದ 12 3/4ರ ತನಕ. ದೊಡ್ಡವನ್ನ ಕತ್ತರಿಸಬಹುದು, ಕತ್ತರಿಸಿದ್ರ ತ್ರಿಕೋನದ ಚೂಪು ಹೋತು. ಸಣ್ಣವಕ್ಕ ಸುತ್ತಲೂ ಪಟ್ಟಿ ಹಚ್ಚಬೇಕು. ಅದರಾಗ ಮೂರು ಬ್ಲಾಕ್ ಪಾಲಿಯೆಸ್ಟರ್ ಬೆರಕಿ, ಹತ್ತಿ ಶಾಖಕ್ಕ ಇಸ್ತ್ರಿ ಇಟ್ಟ ಕೂಡಲೇ ಸುರುಟಿದವು. ಕೇಂಬ್ರಿಕ್ಕಿಗೆ 780, ಪಟ್ಟಿ ಹಚ್ಚಲಿಕ್ಕ ಮತ್ತ ಒಂದೂವರಿ ಮೀಟರ್. 200 ರೂಪಾಯಿ ಬ್ಯಾರೆ!

ಗುಂಪಿನ ಹಾಸುಗೆ:
ಅಕ್ಕಾರ, ಬ್ಲಾಕಿನ ಸಿಟ್ಟಿಗೆ ಗುಂಪ ಬ್ಯಾಡ ಅನ್ನಬ್ಯಾಡ್ರಿ. ಅದಲ್ ಬದಲಿಗೆ ಈಗ ನಿಯಮ ಅದ. ಮೊದಲ ಮೂರು ಪಟ್ಟಿ ಪರೀಕ್ಷಿ ತೋರಿಸಬೇಕು, ಬ್ಲಾಕ್ ಕತ್ತರಿಸದ 13 ಇಂಚಿನದು ಕೊಡಬೇಕು, ತಗೊಂಡವರು ಹನ್ನೆರಡೂವರಿಗೆ ತಾವ ಕತ್ತರಿಸಬೇಕು. ಅರಿವಿ ಎಳಿ ಸುಟ್ಟು ನೋಡಿ ಹತ್ತಿ ಹೌದೋ ಅಲ್ಲೋ ನೋಡ್ತೇವಿ. ಹತ್ತಿ ಬೂದಿ ಆಗ್ತದ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗ್ತದ.

200 ಎಲ್ಲಿ ಹೋಗ್ತದಂತ ಕೇಳ್ತೀರಿ. ಖೋಲಿ ಬಾಡಿಗಿ, 24×36ರ ಕತ್ತರಿಸೂ ಮ್ಯಾಟು, ತಿಂಗಳಿಗೆ ಎರಡು ರೋಟರಿ ಬ್ಲೇಡು, ಬಾಗಿದ ಸೇಫ್ಟಿ ಪಿನ್ನು. ಹೊಲಿಯೂ ಮೊದಲ ಮೂರೂ ಪದರ ಕೂಡಿಸಿ 68×88 ಹಾಸಿ 4 ಇಂಚಿಗೊಂದು ಪಿನ್ ಹಾಕಿದ್ರ 370ರ ಮ್ಯಾಲೆ ಪಿನ್ ಬೇಕು. ಯಾರ ಮನ್ಯಾಗ ಅವ? ಮನಿ ನೆಲದ ಮ್ಯಾಲೆ ಒಬ್ಬರ ಮೊಣಕಾಲೂರಿ ಹಾಸಿದ್ರ ಕೆಳಗಿನ ಅರಿವಿ ಸುಕ್ಕು ಬಿದ್ದದ್ದು ಪೂರಾ ಹೊಲದ ಮ್ಯಾಲೆ ಕಾಣ್ತದ. ಇಲ್ಲಿ ನಾಕು ಟೇಬಲ್ ಕೂಡಿಸಿ, ಕೆಳಗಿನ ಅರಿವಿ ನಾಕೂ ಕಡೆ ಕ್ಲಿಪ್ ಹಾಕಿ, ನಾಕು ಮಂದಿ ಹಿಡದು ತಾಸಿನಾಗ ಮುಗಸ್ತೇವಿ.

ಕೇಶ್ವಾಪುರ ತ್ಯಾಪಿ:
ನಿಯಮ ಮೊದಲ ಇದ್ದಿದ್ರ ನನ್ನ 780 ಉಳೀತಿತ್ತು. ಮತ್ತ ಪಿನ್ ಯಾಕ? 4 ಇಂಚಿಗೊಂದು ಸಾಲು ಕಚ್ಚಾ ಹೊಲಿಗಿ ಹಾಕ್ರಿ, 20 ರೂಪಾಯಿ ದಾರ. ಮಷಿನ್ ಪಾದಕ್ಕ ಪಿನ್ ಸಿಕ್ಕು ಸೂಜಿ ಮುರಿಯೂ ಭಯ ಇಲ್ಲ.

ಗುಂಪಿನ ಹಾಸುಗೆ:
ಕಚ್ಚಾ ಹೊಲಿಗಿ ಮ್ಯಾಲೆ ಮಷಿನ್ ಟಾಕಾ ಹತ್ತಿದ್ರ ಎಳದು ತಗೀಲಿಕ್ಕ ಬರೂದಿಲ್ಲ, ಒಂದೊಂದ ಎಳಿ ಚಿಮಟದಿಂದ ಕೀಳಬೇಕು. ಕೈಹೊಲಿಗಿಗೆ ಅದು ಸರಿ, ಮಷಿನ್ನಿಗೆ ಪಿನ್ನೇ ಸರಿ. ಬೈಂಡಿಂಗಿಗೂ (ಸುತ್ತಲೂ ಅಂಚು ಮುಚ್ಚೂ ಪಟ್ಟಿ) ಎರಡೂವರಿ ಇಂಚಿನ 7 ಪಟ್ಟಿ ಕತ್ತರಿಸಿ ಇಟ್ಟುಕೊಂಡ್ರ ಇವರ ಕೆಲಸ ಮುಗೀತು.

ರಾಣೆಬೆನ್ನೂರ ಕಾಲಿಂಚು:
7 ಸಾಲದು. ಸುತ್ತಳತೆ 280, ಮೂಲೆಗೂ ಕೊನೆ ಜೋಡಣೆಗೂ 12, ಒಟ್ಟು 292. ಅಂಚು ತೆಗೆದ ಮೇಲೆ ಅರಿವೆಯ ಅಗಲ 42. ಏಳು ಪಟ್ಟಿ 294 ಅನ್ನುತ್ತೀರಿ, ಆದರೆ ಓರೆಯಾಗಿ ಜೋಡಿಸುವಾಗ ಒಂದೊಂದು ಜೋಡಣೆಗೆ ಎರಡೂವರೆ ಇಂಚು ಹೋಗುತ್ತದೆ. ಆರು ಜೋಡಣೆಗೆ 15. ಉಳಿದದ್ದು 279. ಕೊನೆಯ ಮೂಲೆಯಲ್ಲಿ ಕೈಕೊಡುತ್ತದೆ. 8 ಪಟ್ಟಿ ಕತ್ತರಿಸಿ, 20 ಇಂಚು ಅರಿವೆ. ಇಂಥ ಲೆಕ್ಕ ಹೇಳಿಕೊಡುವುದಕ್ಕೆ ತಿಂಗಳಿಗೆ 200?

ಗುಂಪಿನ ಹಾಸುಗೆ:
8 ಅಂತ ಒಪ್ಪಿದೆ. ಆದ್ರ ಒಂದು ಪಟ್ಟಿ ತಪ್ಪಿಗೆ ಗುಂಪ ಹಳೀಬ್ಯಾಡ್ರಿ. ಅಲ್ಲಿ ಬಂದು ಹೇಳ್ರಿ, ಹತ್ತು ಮಂದಿ ಕಲೀತಾರ.

ವಿದ್ಯಾಗಿರಿ ಹೊಸ ಸೂಜಿ:
ಎಲ್ಲಾ ಬರಕೊಂಡೆ. ಆದ್ರ ಇಳಕಲ್ ಸೆರಗಿನ ಬಗ್ಗೆ ಯಾರೂ ಹೇಳಲಿಲ್ಲರಿ. ಒದ್ದಿ ಬಿಳೇ ಅರಿವಿಲೆ ತಿಕ್ಕಿ ನೋಡಿದೆ, ಗುಲಾಬಿ ಹತ್ತಿತು. ಉಪ್ಪಿನ ನೀರಾಗ ಒಂದು ರಾತ್ರಿ ಇಟ್ರ ನಿಲ್ಲತದೇನು?

ಹಳೇ ಹುಬ್ಬಳ್ಳಿ ಟೇಲರ್:
ಉಪ್ಪಿನಿಂದ ನಿಲ್ಲೂದಿಲ್ಲ ಅಕ್ಕಾರ. ಒಮ್ಮೆ ಹಾಕಿದ ಬಣ್ಣ ಸಡಿಲ್ ಇದ್ರ ಉಪ್ಪಾಗಲಿ, ವಿನಿಗರ್ ಆಗಲಿ ಅದನ್ನ ಕಟ್ಟೂದಿಲ್ಲ. ಹೆಚ್ಚಿಗಿ ಬಣ್ಣ ಹೊರಗ ಹೋಗೂದೊಂದ ದಾರಿ. ಸೆರಗು ಒಂದ ಬ್ಯಾರೆ ಬಕೀಟಿನಾಗ, ತಣ್ಣೀರು, ಸೌಮ್ಯ ಸೋಪು, ಹತ್ತು ನಿಮಿಷ. ನೀರು ತಿಳಿ ಆಗೂ ತನಕ ಬದಲಸ್ರಿ. ಹಿಂಡಬ್ಯಾಡ್ರಿ, ನೆಳ್ಳಾಗ ಹರವ್ರಿ. ಒಣಗಿದ ಮ್ಯಾಲೆ ಮತ್ತ ಒದ್ದಿ ಬಿಳೇ ಅರಿವಿಲೆ ತಿಕ್ಕಿ ನೋಡ್ರಿ. ಆರೇಳು ನೀರಿಗೂ ಗುಲಾಬಿ ಬಂದ್ರ ಆ ಸೆರಗು ಬಿಳೇ ಅರಿವಿ ಪಕ್ಕ ಇಡಬ್ಯಾಡ್ರಿ, ಕಡುನೀಲಿ ಅಥವಾ ಕರೀ ಬದಿಗೆ ಇಟ್ಟು ನಮೂನಿ ಬದಲಸ್ರಿ.

ಕತ್ತರಿಸೂ ಮೊದಲ ಸೆರಗೂ ಒಡಲೂ ಕೂಡೂ ಕೊಂಡಿ ಸಾಲು ಹುಡುಕ್ರಿ. ಕೈಬೆರಳಿಗೆ ತೆಳು ಗಂಟಿನ ಸಾಲು ಹತ್ತತದ. ಅದರಿಂದ ಅರ್ಧ ಇಂಚು ದೂರ ಕತ್ತರಿಸ್ರಿ, ಸೀಮಿನಾಗ ಅದು ಬರಬಾರದು. ಸೆರಗಿನ ಎಳಿ ರೇಷ್ಮಿ ಜಾತಿ, ಕತ್ತರಿ ತಾಗಿದ ಕೂಡಲೇ ಬಿಚ್ಚತದ. ಅದಕ್ಕ ಹಿಂದ ತೆಳು ಅಂಟು ಕ್ಯಾನ್ವಾಸ್ ಹಚ್ಚಿ ಆಮ್ಯಾಲೆ ಪಟ್ಟಿ ಕತ್ತರಿಸ್ರಿ. ಇಸ್ತ್ರಿ ಸಿಲ್ಕ್ ಶಾಖಕ್ಕ ಇಟ್ಟು, ಮ್ಯಾಲೆ ಮಲ್ಲಿನ ಅರಿವಿ ಹಾಕಿ, ಹತ್ತು ಎಣಿಸೂ ತನಕ ಒತ್ತಿ ಎತ್ರಿ. ಸೀಮು ಮಾತ್ರ ಇಲ್ಲಿ ಕಾಲಿಂಚು ಬ್ಯಾಡ, 3/8 ತಗೋರಿ. ಪಟ್ಟಿ ಅಗಲಾನೂ ಆ ಲೆಕ್ಕಕ್ಕ 1/4 ಇಂಚು ಹೆಚ್ಚಿಗಿ ಕತ್ತರಿಸ್ರಿ, ಅದರ ಪಕ್ಕದ ಬಿಳೇ ತುಂಡು 1/8 ಹೆಚ್ಚಿಗಿ.