ಚರ್ಮದ ‘ಉಪಾಂಗ’ಕ್ಕೆ ಆಡುಮಾತಿನ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರಿಗಾಗಿ ಕೈ ಆರೈಕೆಯ ಬಗ್ಗೆ ಒಂದು ಚಿಕ್ಕ ಪುಸ್ತಿಕೆ ಬರೆಯುತ್ತಿದ್ದೇನೆ. ಫಿಲೇಚರ್‌ಗಳಲ್ಲಿ, ಅಂದರೆ ನೂಲು ಬಿಚ್ಚುವ ಕಾರ್ಖಾನೆಗಳಲ್ಲಿ, ಕೆಲಸ ಮಾಡುವ ಹೆಣ್ಣುಮಕ್ಕಳೇ ಇದನ್ನು ಮುಖ್ಯವಾಗಿ ಓದಬೇಕಾದವರು. ಬೇಯಿಸಿದ ಗೂಡಿನ ಎಳೆ ಹುಡುಕುತ್ತಾ ಹೊತ್ತೆಲ್ಲ ಬಿಸಿನೀರಲ್ಲಿ ಬೆರಳಾಡಿಸುವ ಕೆಲಸ ಅವರದು. ಚರ್ಮ ಹೇಗಿದೆ, ಏನು ಮಾಡುತ್ತದೆ ಅಂತ ಮೊದಲು ಎರಡು ಪುಟ ಹೇಳಿ, ಆಮೇಲೆ ಆರೈಕೆಯ ಮಾತಿಗೆ ಬರೋಣ ಅಂದುಕೊಂಡಿದ್ದೇನೆ. ಆ ಎರಡು ಪುಟಕ್ಕೇ ಪದ ಸಾಲುತ್ತಿಲ್ಲ.

ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು ‘ಉಪಾಂಗ’. ಕೂದಲು, ಉಗುರು, ಬೆವರಿನ ಗ್ರಂಥಿ, ಜಿಡ್ಡಿನ ಗ್ರಂಥಿ, ಇವನ್ನು ಒಟ್ಟಾಗಿ ‘ಚರ್ಮದ ಉಪಾಂಗಗಳು’ ಅಂತ ಬರೆಯುವುದುಂಟು. ಓದಿದವರಿಗೆ ಏನನ್ನಿಸುತ್ತದೆ? ಅಂಗ ಅನ್ನುವುದು ದೊಡ್ಡದು, ಉಪಾಂಗ ಅನ್ನುವುದು ಅದಕ್ಕೆ ಆಮೇಲೆ ಸೇರಿಸಿದ್ದು. ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ನಿಜ ಹಾಗಿಲ್ಲ. ಮಗು ಇನ್ನೂ ಹೊಟ್ಟೆಯಲ್ಲಿರುವಾಗ ಚರ್ಮದ ಹೊರಪದರದ ಜೀವಕೋಶಗಳೇ ಅಲ್ಲಲ್ಲಿ ಒಳಕ್ಕೆ ಇಳಿಯುತ್ತವೆ. ಹಾಗೆ ಇಳಿದ ಕಡೆ ಕೂದಲ ಗುಳಿ ಆಗುತ್ತದೆ. ಬೆವರಿನ ಗ್ರಂಥಿಯೂ ಹೀಗೇ ಇಳಿದದ್ದು. ಜಿಡ್ಡಿನ ಗ್ರಂಥಿ ಕೂದಲ ಗುಳಿಯ ಪಕ್ಕದಿಂದ ಒಡೆಯುತ್ತದೆ. ಬೆರಳ ತುದಿಯಲ್ಲಿ ಅದೇ ಹೊರಪದರ ಮಡಿಚಿಕೊಂಡು ಉಗುರಿನ ಬುಡ ಆಗುತ್ತದೆ. ಅಂದರೆ ಇವು ಚರ್ಮಕ್ಕೆ ಸೇರಿಸಿದವಲ್ಲ, ಚರ್ಮವೇ ಒಳಗೆ ಇಳಿದು ಆದವು.

ಹೆಸರು ಏನಾದರೇನು ಅನ್ನಬಹುದು. ಆದರೆ ಕುದಿನೀರಿನ ಪಕ್ಕ ಕೂತು ಕೆಲಸ ಮಾಡುವವರಿಗೆ ಇದು ತಿಳಿದಿರಲೇಬೇಕು ಅನ್ನುವುದು ನನ್ನ ಹಟ. ಬಿಸಿನೀರು ಬಿದ್ದು ತೋಳಿನ ಮೇಲ್ಪದರ ಪೂರಾ ಸುಲಿದು ಹೋಗಿದೆ ಅಂತ ಇಟ್ಟುಕೊಳ್ಳಿ. ಸುಟ್ಟದ್ದು ಆಳಕ್ಕೆ ಹೋಗಿಲ್ಲದಿದ್ದರೆ ಎರಡು ಮೂರು ವಾರದಲ್ಲಿ ಹೊಸ ಚರ್ಮ ಬಂದುಬಿಡುತ್ತದೆ. ಎಲ್ಲಿಂದ ಬರುತ್ತದೆ? ಗಾಯದ ಅಂಚಿನಿಂದ ಸ್ವಲ್ಪ. ಉಳಿದದ್ದು ಕೂದಲ ಗುಳಿಗಳ ಗೋಡೆಯಿಂದ, ಬೆವರಿನ ನಾಳಗಳಿಂದ. ಅಲ್ಲಿ ಉಳಿದುಕೊಂಡ ಜೀವಕೋಶಗಳು ಮೇಲೆ ಬಂದು ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹಿಪ್ಪುನೇರಳೆಯನ್ನು ನೆಲಮಟ್ಟಕ್ಕೆ ಕಡಿದರೂ ಬುಡದಿಂದ ಚಿಗುರುತ್ತದಲ್ವಾ, ಹಾಗೆ. ಸುಟ್ಟದ್ದು ಆ ಬುಡದವರೆಗೂ ಇಳಿದರೆ ಮಾತ್ರ ಕಷ್ಟ. ಆಗ ಅಂಚಿನಿಂದಷ್ಟೇ ಚರ್ಮ ಬರಬೇಕು. ಗಾಯ ದೊಡ್ಡದಾಗಿದ್ದರೆ ವೈದ್ಯರು ತೊಡೆಯಿಂದ ತೆಳುವಾಗಿ ಚರ್ಮ ತೆಗೆದು ಕಸಿ ಮಾಡುತ್ತಾರೆ. ತೆಗೆದ ತೊಡೆಯ ಜಾಗವೂ ಗುಳಿಗಳಲ್ಲಿ ಉಳಿದ ಜೀವಕೋಶಗಳಿಂದಲೇ ಮತ್ತೆ ಮುಚ್ಚಿಕೊಳ್ಳುತ್ತದೆ. ‘ಉಪಾಂಗ’ ಅನ್ನುವ ಪದದಲ್ಲಿ ಇದ್ಯಾವುದೂ ಕಾಣುವುದಿಲ್ಲ.

ನನಗೆ ಹೊಳೆದದ್ದು ‘ಚರ್ಮದ ಕುಡಿಗಳು’. ಕುಡಿ ಅಂದರೆ ತುದಿ, ಚಿಗುರು. ವಂಶದ ಕುಡಿ ಅಂತಲೂ ಅನ್ನುತ್ತೇವೆ, ಹಾಗಾಗಿ ಅದರಿಂದಲೇ ಹುಟ್ಟಿದ್ದು ಅನ್ನುವ ಅರ್ಥವೂ ಇದೆ. ಪುಸ್ತಿಕೆಗೆ ನೆರವಾಗುತ್ತಿರುವ ನರ್ಸ್ ಒಬ್ಬರು ಇದಕ್ಕೆ ಒಪ್ಪಲಿಲ್ಲ. “ಕುಡಿ ಅಂದ್ರೆ ಮೇಲಕ್ಕೆ ಎದ್ದಿದ್ದು. ಓದಿದವರು ನರುಲಿ, ಗಂಟು ಅಂದುಕೊಳ್ಳಲ್ವಾ?” ಅಂತ ಕೇಳಿದರು. ಅವರ ಮಾತಿನಲ್ಲಿ ಹುರುಳಿದೆ. ಇವುಗಳ ಜೀವ ಇರುವುದು ಕೆಳಗೆ. ಮೇಲೆ ಕಾಣುವ ಕೂದಲು, ಉಗುರು ಬರೀ ಸತ್ತ ಭಾಗ, ಕೆರಾಟಿನ್ ಅನ್ನುವ ಗಟ್ಟಿ ಪ್ರೋಟೀನ್. ‘ಬೇರು’ ಅನ್ನೋಣ ಅಂದರೆ ಕೂದಲ ಬೇರು ಅನ್ನುವುದಕ್ಕೆ ಬೇರೆಯೇ ಅರ್ಥ ಇದೆ. ‘ಚರ್ಮಜ’ ಚಿಕ್ಕದಾಗಿದೆ, ಅರ್ಥವೂ ಸರಿ, ಆದರೆ ಫಿಲೇಚರ್‌ನಲ್ಲಿ ಕೂತವರಿಗೆ ಅದನ್ನು ಮತ್ತೆ ಬಿಡಿಸಿ ಹೇಳಬೇಕಾಗುತ್ತದೆ.

ಪದ ಹುಡುಕುವಾಗ ಒಂದು ಸಂಗತಿ ಗಮನಕ್ಕೆ ಬಂತು. ಚರ್ಮದ ತೊಂದರೆಗಳಿಗೆ ನಮ್ಮಲ್ಲಿ ಹೆಸರಿಗೆ ಬರವೇ ಇಲ್ಲ. ನವೆ, ತುರಿ, ಕಜ್ಜಿ, ದದ್ದು, ಗಂದೆ, ಮೊಡವೆ, ಬೆವರುಸಾಲೆ, ಬೊಬ್ಬೆ, ಕುರು, ಆಣಿ, ನರುಲಿ, ಸಿಬ್ಬ, ತೊನ್ನು, ಹುಳುಕಡ್ಡಿ. ಒಂದೊಂದೂ ಒಂದೊಂದನ್ನು ಸರಿಯಾಗಿ ತೋರಿಸುತ್ತದೆ, ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಚೆನ್ನಾಗಿರುವ ಚರ್ಮದ ಭಾಗಗಳಿಗೆ ಮಾತ್ರ ಹೆಸರಿಲ್ಲ. ಚೆನ್ನಾಗಿದ್ದಾಗ ಅದನ್ನು ಯಾರು ನೋಡುತ್ತಾರೆ!

ಇದಕ್ಕೆ ಒಳ್ಳೆಯ ಉದಾಹರಣೆ ಉಗುರಿನ ಬುಡ. ‘ಉಗುರುಸುತ್ತು’ ಎಲ್ಲರಿಗೂ ಗೊತ್ತು. ಕೈ ಸದಾ ಒದ್ದೆ ಇರುವವರನ್ನು ಅದು ಬಿಡುವುದೇ ಇಲ್ಲ. ಯಾಕೆ ಬರುತ್ತದೆ ಅಂದರೆ, ಉಗುರಿನ ಬುಡದಲ್ಲಿ ಚರ್ಮದಿಂದ ಉಗುರಿನ ಮೇಲಕ್ಕೆ ಚಾಚಿಕೊಂಡ ಒಂದು ತೆಳು ಪೊರೆ ಇದೆ. ಉಗುರಿಗೂ ಚರ್ಮದ ಮಡಿಕೆಗೂ ನಡುವಿನ ಸಂದನ್ನು ಮುಚ್ಚಿಡುವುದು ಅದರ ಕೆಲಸ. ನೀರಲ್ಲಿ ನೆನೆದು ನೆನೆದು ಅದು ಬಿಟ್ಟುಕೊಂಡರೆ ಸಂದಿನಲ್ಲಿ ನೀರು, ರೋಗಾಣು ಇಳಿಯುತ್ತವೆ. ಬುಡ ಊದಿಕೊಂಡು ನೋಯುತ್ತದೆ. ತುಂಬ ಜನ ಆ ಪೊರೆಯನ್ನು ಕೊಳೆ ಅಂದುಕೊಂಡು ಕೆರೆದು ತೆಗೆಯುತ್ತಾರೆ. “ಅದನ್ನು ತೆಗೆಯಬೇಡಿ” ಅಂತ ಬರೆಯಬೇಕು. ‘ಅದು’ ಅಂದರೆ ಏನು ಅಂತ ಬರೆಯಲಿ? ‘ಕ್ಯೂಟಿಕಲ್’ ಬ್ಯೂಟಿಪಾರ್ಲರ್ ಮಾತು, ಅಲ್ಲಿಯೂ ಅದನ್ನು ಕತ್ತರಿಸುವುದಕ್ಕೇ ಹೇಳುತ್ತಾರೆ. ಸದ್ಯಕ್ಕೆ ‘ಉಗುರಿನ ಪೊರೆ’ ಅಂತ ಇಟ್ಟಿದ್ದೇನೆ. ನಿಮ್ಮ ಮನೆಗಳಲ್ಲಿ ಇದಕ್ಕೆ ಬೇರೆ ಮಾತು ಇದೆಯೇ?

‘ಚರ್ಮ’, ‘ತೊಗಲು’, ‘ತ್ವಚೆ’ ಇವುಗಳ ಬಗ್ಗೆಯೂ ಕೇಳಬೇಕಿತ್ತು. ನಮ್ಮ ಕಡೆ ಮನೆಯಲ್ಲಿ ತೆಲುಗು ಆಡುವವರು ಬಹಳ. ಅವರಿಗೆ ‘ತೋಲು’ ಸಹಜ. ಕನ್ನಡದ ತೊಗಲು, ತೆಲುಗಿನ ತೋಲು, ತಮಿಳಿನ ತೋಲ್ ಒಂದೇ ಬೇರಿನವು, ಹಾಗಾಗಿ ‘ತೊಗಲು’ ಅಂತಲೇ ಬರೆದರೆ ಎಲ್ಲರಿಗೂ ಹತ್ತಿರವಾದೀತು ಅನ್ನಿಸಿತ್ತು. ಆದರೆ ಈಗ ಆ ಮಾತು ತೊಗಲುಗೊಂಬೆ, ತೊಗಲಿನ ಚೀಲ, ಹೀಗೆ ಸುಲಿದು ಹದ ಮಾಡಿದ್ದಕ್ಕೇ ಅಂಟಿಕೊಂಡಿದೆ. ಬದುಕಿರುವವರ ಮೈಗೆ ಹೇಳಿದರೆ ಒರಟಾಗಿ ಕೇಳುತ್ತದೆ. ‘ತ್ವಚೆ’ ಸೋಪಿನ ಜಾಹೀರಾತಿನದು. ‘ಚರ್ಮ’ವೇ ಇರಲಿ ಅನ್ನುವುದು ನನ್ನ ತೀರ್ಮಾನ.

ಪದರಗಳಿಗೆ ಹೊರಚರ್ಮ, ಒಳಚರ್ಮ ಅಂತ ಬರೆದಿದ್ದೇನೆ. ಇದರಲ್ಲಿ ತೊಡಕಿಲ್ಲ. ಹೊರಚರ್ಮ ರೆಪ್ಪೆಯ ಮೇಲೆ ಸುಮಾರು 0.05 ಮಿಲಿಮೀಟರ್ ದಪ್ಪ, ಅಂಗೈ ಅಂಗಾಲಿನಲ್ಲಿ 1.5 ಮಿಲಿಮೀಟರ್‌ವರೆಗೂ ಇರುತ್ತದೆ. ಅದರಲ್ಲಿ ರಕ್ತನಾಳ ಇಲ್ಲ. ಅದಕ್ಕೇ ಮೇಲೆ ಮೇಲೆ ತರಚಿದರೆ ರಕ್ತ ಬರುವುದಿಲ್ಲ. ಅದರ ತಳದಲ್ಲಿ ಹುಟ್ಟಿದ ಜೀವಕೋಶ ಮೇಲೆ ಬಂದು ಉದುರುವುದಕ್ಕೆ ಹೆಚ್ಚು ಕಡಿಮೆ ಒಂದು ತಿಂಗಳು ಬೇಕು. ರಕ್ತನಾಳ, ನರ, ಕೊಲಾಜೆನ್ ಎಳೆಗಳು ಎಲ್ಲ ಇರುವುದು ಒಳಚರ್ಮದಲ್ಲಿ.

‘ಜಿಡ್ಡಿನ ಗ್ರಂಥಿ’ಗೆ ಕೆಲವರು ‘ತೈಲಗ್ರಂಥಿ’, ‘ಮೇದೋಗ್ರಂಥಿ’ ಅನ್ನುತ್ತಾರೆ. ಇಲ್ಲಿ ನಾನು ಜಿಡ್ಡನ್ನು ಬಿಡಲಾರೆ. ಅಂಗೈ ಅಂಗಾಲಿನಲ್ಲಿ ಈ ಗ್ರಂಥಿ ಇಲ್ಲವೇ ಇಲ್ಲ. ಬೆವರಿನ ಗ್ರಂಥಿ ಮಾತ್ರ ಒತ್ತೊತ್ತಾಗಿ ಇವೆ. ಬಿಸಿನೀರು, ಸೋಪು ಸೇರಿ ಅಂಗೈಯ ಮೇಲ್ಪದರದಲ್ಲಿರುವ ಪಸೆಯನ್ನು ತೊಳೆದು ಹಾಕಿದರೆ, ಮೇಲಿನಿಂದ ಜಿಡ್ಡು ಸುರಿಸುವ ಗ್ರಂಥಿ ಅಲ್ಲಿಲ್ಲ. ಒಡಕು ಬಿಡುವುದು ಬೇಗ. ಕೆಲಸ ಮುಗಿದ ಮೇಲೆ ಕೈ ಒರೆಸಿ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿ ಅನ್ನುವುದಕ್ಕೆ ಇದೇ ಕಾರಣ. “ನಿಮ್ಮ ಅಂಗೈಗೆ ತನ್ನದೇ ಜಿಡ್ಡಿಲ್ಲ” ಅಂದರೆ ಯಾರಿಗೆ ಬೇಕಾದರೂ ಅರ್ಥವಾಗುತ್ತದೆ. ‘ಮೇದೋಗ್ರಂಥಿ’ ಅಂದರೆ ಹೇಗೆ ಆದೀತು?

ಕೂದಲಿನ ವಿಷಯದಲ್ಲಿ ಒಂದು ಆಸೆ ಇದೆ. ಮೈಮೇಲಿನ ಸಣ್ಣ ಕೂದಲಿಗೆ ಹಳೆಯ ಮಾತು ‘ನವಿರು’. ಈಗ ಆ ಅರ್ಥ ‘ಮೈನವಿರೇಳು’ ಅನ್ನುವುದರಲ್ಲಿ ಮಾತ್ರ ಉಳಿದಿದೆ. ಚಳಿಗೋ ಹೆದರಿಕೆಗೋ ಕೂದಲ ಗುಳಿಗೆ ಅಂಟಿಕೊಂಡ ಪುಟ್ಟ ಸ್ನಾಯು ಬಿಗಿದು ಕೂದಲನ್ನು ನೆಟ್ಟಗೆ ನಿಲ್ಲಿಸುತ್ತದೆ. ಆ ಸ್ನಾಯುವಿಗೆ ‘ನವಿರೇಳಿಸುವ ಸ್ನಾಯು’ ಅಂದರೆ ಹೇಗೆ? ನನಗಂತೂ ಬಹಳ ಹಿಡಿಸಿದೆ.

ಇನ್ನೊಂದು. ನೀರಲ್ಲಿ ಬಹಳ ಹೊತ್ತು ಇದ್ದ ಬೆರಳ ತುದಿ ನೆರಿಗೆ ನೆರಿಗೆ ಆಗುತ್ತದೆ. ಸುಮ್ನೆ ನೀರು ಹೀರಿ ಊದಿದ್ದು ಅಂತ ಜನ ತಿಳಿದಿದ್ದಾರೆ. ಆದರೆ ನರ ಕಡಿದುಹೋದ ಬೆರಳಿನಲ್ಲಿ ಈ ನೆರಿಗೆ ಬರುವುದಿಲ್ಲ. ನರದ ಆಜ್ಞೆಯಿಂದ ಒಳಗಿನ ರಕ್ತನಾಳಗಳು ಕಿರಿದಾಗಿ ಹೀಗಾಗುತ್ತದೆ. ಇದಕ್ಕೆ ‘ಸುಕ್ಕು’ ಅಂತ ಬರೆದರೆ ವಯಸ್ಸಾದ ಮೇಲೆ ಬರುವ ಸುಕ್ಕಿನ ಜೊತೆ ಕಲೆಸಿಹೋಗುತ್ತದೆ. ‘ನೆರಿಗೆ’ ಸಾಕೇ, ಅಥವಾ ಕೋಲಾರ, ತುಮಕೂರು ಕಡೆ ಇದಕ್ಕೆಂದೇ ಬೇರೆ ಮಾತು ಇದೆಯೇ?

ಒಟ್ಟಿನಲ್ಲಿ ನನಗೆ ಬೇಕಿರುವುದು ಮೂರು ಪದ: ಉಪಾಂಗಕ್ಕೆ, ಉಗುರಿನ ಪೊರೆಗೆ, ನೀರಿನ ನೆರಿಗೆಗೆ. ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಅವರ ಎದುರಿಗೆ ಬೆರಳು ಹಿಡಿದು ತೋರಿಸಿಯೇ ಕೇಳಿ. ಯಾವ ಊರಿನ ಮಾತು ಅಂತಲೂ ಬರೆಯಿರಿ. ‘ಕುಡಿ’ ಬೇಡ ಅನ್ನುವವರು ಯಾಕೆ ಬೇಡ ಅಂತ ಹೇಳಿದರೆ ಇನ್ನೂ ಉಪಕಾರ.