ಸಹಾಯ ಬೇಕು: ಬರ್ಲಿನ್ ಬೀದಿಯ ಫೋಟೋ ಪುಸ್ತಕದ ಮುಖಪುಟಕ್ಕೆ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ಬರ್ಲಿನ್, ಮಾಂಟ್ರಿಯಲ್, ನ್ಯೂಯಾರ್ಕ್ ಬೀದಿಗಳ ಫೋಟೋ ಪುಸ್ತಕವೊಂದು ಅಚ್ಚಿಗೆ ಹೋಗಬೇಕು. ಮುದ್ರಣ ಬೆಂಗಳೂರಲ್ಲಿ, ಮಾರಾಟ ಜರ್ಮನಿಯಲ್ಲೂ ಇದೆ.

ನ್ಯೂಯಾರ್ಕಿನದು ಸಲೀಸು. ಅಲ್ಲಿನ ಸಿವಿಲ್ ರೈಟ್ಸ್ ಕಾಯ್ದೆಯ 50, 51ನೇ ಸೆಕ್ಷನ್ ಜಾಹೀರಾತು, ವ್ಯಾಪಾರದ ಬಳಕೆಗೆ ಮಾತ್ರ ಚಿತ್ರದಲ್ಲಿರೋರ ಲಿಖಿತ ಒಪ್ಪಿಗೆ ಕೇಳುತ್ತೆ. ಕಲೆಯನ್ನು ಕೋರ್ಟುಗಳು ಅದರಿಂದ ಹೊರಗಿಟ್ಟಿವೆ. ಮಾಂಟ್ರಿಯಲ್ ಇರೋ ಕೆನಡಾದ ಕ್ವಿಬೆಕ್ ಪ್ರಾಂತ್ಯ ತದ್ವಿರುದ್ಧ: ಮೆಟ್ಟಿಲ ಮೇಲೆ ಕೂತಿದ್ದ 17ರ ಹುಡುಗಿಯ ಚಿತ್ರವನ್ನು ಕಲಾಪತ್ರಿಕೆ ಕೇಳದೆ ಹಾಕಿದ್ದಕ್ಕೆ 2,000 ಡಾಲರ್ ಪರಿಹಾರವನ್ನು ಕೆನಡಾ ಸುಪ್ರೀಂ ಕೋರ್ಟ್ 1998ರಲ್ಲಿ ಎತ್ತಿಹಿಡಿದಿದೆ. ಹಾಗಾಗಿ ಒಪ್ಪಿಗೆ ಪತ್ರ ಇಲ್ಲದ ಮಾಂಟ್ರಿಯಲ್ ಮುಖಗಳನ್ನೆಲ್ಲ ತೆಗೆದಾಯ್ತು.

ಸಿಕ್ಕಿಕೊಂಡಿರೋದು ಜರ್ಮನಿಯಲ್ಲಿ. ಅಲ್ಲಿನ 1907ರ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಒಬ್ಬರ ಚಿತ್ರ ಪ್ರಕಟಿಸೋಕೆ ಅವರ ಒಪ್ಪಿಗೆ ಬೇಕು. 23ನೇದು ಕಲೆಗೆ ವಿನಾಯಿತಿ ಕೊಡುತ್ತೆ, ಆದರೆ ಆ ವ್ಯಕ್ತಿಯ ನ್ಯಾಯಯುತ ಹಿತಕ್ಕೆ ಧಕ್ಕೆ ಆಗಬಾರದು. 2018ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಬೀದಿ ಛಾಯಾಗ್ರಹಣವೂ ಕಲೆಯೇ ಅಂತ ಒಪ್ಪಿತು. ಆದರೂ ಓಡಾಟ ಜಾಸ್ತಿ ಇರೋ ರಸ್ತೆಬದಿಯಲ್ಲಿ ಒಬ್ಬ ಮಹಿಳೆಯ ಚಿತ್ರವನ್ನು ದೊಡ್ಡ ಫಲಕವಾಗಿ ನಿಲ್ಲಿಸಿದ್ದನ್ನು ಒಪ್ಪಲಿಲ್ಲ.

ನನ್ನ ಬರ್ಲಿನ್ ಚಿತ್ರದಲ್ಲಿರೋರ ಪತ್ತೆ ಇಲ್ಲ. ಮುಖ ಮಸುಕು ಮಾಡಿ ನೋಡಿದರೆ ಚಿತ್ರದ ಜೀವವೇ ಹೋಗುತ್ತೆ.

ಒಳಪುಟದಲ್ಲಿ ಹಾಕೋದು ಸರಿ ಅನ್ನಿಸುತ್ತೆ. ಅದೇ ಮುಖ ಮುಖಪುಟಕ್ಕೆ, ಬಿಡುಗಡೆಯ ಪೋಸ್ಟರಿಗೆ ಬಂದರೆ 23ರ ವಿನಾಯಿತಿ ನಿಲ್ಲುತ್ತಾ, ಇಲ್ಲ ಜಾಹೀರಾತು ಅಂತಾಗುತ್ತಾ? ಜರ್ಮನಿಯಲ್ಲಿ ಪುಸ್ತಕ ತಂದವರು, ವಕೀಲರು ದಯವಿಟ್ಟು ತಿಳಿಸಿ.